ಪೋರ್ಟ್ ಸ್ಪೀಕರೋ, ಸೀಲ್ಡ್ ಸ್ಪೀಕರೋ? ಮೊದಲು ನಿಮ್ಮ ಹಾಲ್ ಅಳೆಯಿರಿ

ಹಾಸನದಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದವರು ಕೇಳುತ್ತಾರೆ. ಮೂಡಿಗೆರೆ ಕಡೆ ಹಳೇ ಹೆಂಚಿನ ಮನೆ ರಿಪೇರಿ ಮಾಡಿಸಿದವರೂ ಕೇಳುತ್ತಾರೆ. "ಒಳ್ಳೇ ಸ್ಪೀಕರ್ ತಗೋಬೇಕು ಅಂತಿದ್ದೀನಿ. ಹಿಂದೆ ತೂತಿರೋದು ತಗೊಳ್ಳಲಾ, ಪೂರ್ತಿ ಮುಚ್ಚಿರೋದು ತಗೊಳ್ಳಲಾ?" ತೂತಿರುವುದಕ್ಕೆ ಪೋರ್ಟ್ ಅನ್ನುತ್ತಾರೆ, ಮುಚ್ಚಿರುವುದಕ್ಕೆ ಸೀಲ್ಡ್. ಪ್ರಶ್ನೆ ಒಂದೇ. ನನ್ನ ಉತ್ತರ ಮಾತ್ರ ಇಬ್ಬರಿಗೂ ಬೇರೆ. ಮನೆ ಬೇರೆ ಅಲ್ವಾ?

ಇದು ನನಗೆ ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ. ಹಾಸನದ ನಮ್ಮ ಮನೆಯಲ್ಲಿ ನಾನು ಹಾಡು ಕೇಳುವ ರೂಮು ಹತ್ತಕ್ಕೆ ಹನ್ನೆರಡು ಅಡಿ. ಸುತ್ತ ಗಟ್ಟಿ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ಗ್ರಾನೈಟ್. ಅಂಗಡಿಯಲ್ಲಿ ಕೇಳಿ ಮನಸೋತು ಒಂದು ಜೊತೆ ಪೋರ್ಟ್ ಇರುವ ಸ್ಪೀಕರ್ ತಂದೆ. ಕೆಳಗಿನ ಶ್ರುತಿಯ ಸದ್ದು ಕೊಡುವ ವೂಫರ್ ಆರೂವರೆ ಇಂಚಿನದು. ಮನೆಯಲ್ಲಿ ಹಾಕಿದರೆ ಮೃದಂಗದ ತನಿ ಪೂರ್ತಿ ಕಲಸಿಹೋಯಿತು. ತೊಪ್ಪಿಯ, ಅಂದರೆ ಮೃದಂಗದ ಎಡಗಡೆಯ, ಒಂದು ಪೆಟ್ಟು ಮುಗಿಯುವ ಮುಂಚೆಯೇ ಇನ್ನೊಂದು ಅದರ ಮೇಲೆ ಬಂದು ಕೂರುತ್ತಿತ್ತು. ಎಲ್ಲಾ ಸೇರಿ ಗುಂಯ್ ಅನ್ನುವ ಒಂದೇ ಸದ್ದು.

ಅದೇ ಹೊತ್ತಿಗೆ ಮೂಡಿಗೆರೆ ಹತ್ತಿರ ತೋಟದಲ್ಲಿರುವ ನಮ್ಮ ಮಾವನಿಗೆ ಇದರ ಉಲ್ಟಾ ತೊಂದರೆ. ಅವರ ಹತ್ತಿರ ಇದ್ದದ್ದು ಚಿಕ್ಕ ಸೀಲ್ಡ್ ಸ್ಪೀಕರ್. ಅವರ ಹಾಲು ದೊಡ್ಡದು, ಮೇಲೆ ಹೆಂಚು, ಒಂದು ಕಡೆ ಪೂರ್ತಿ ಜಗಲಿಗೆ ತೆರೆದಿದೆ. "ಹಾಡೋರು ಚೆನ್ನಾಗಿ ಕೇಳ್ತಾರೆ ಕಣೋ. ಬಾರಿಸೋರು ಎಲ್ಲೋ ಆಚೆ ಮನೇಲಿ ಕೂತಂಗಿದೆ" ಅಂದರು. ದೀಪಾವಳಿಗೆ ಹೋಗುವಾಗ ನನ್ನ ಜೊತೆಯನ್ನು ಕಾರಿನಲ್ಲಿ ಹಾಕಿಕೊಂಡು ಹೋದೆ. ಬರುವಾಗ ಅವರದನ್ನು ತಂದೆ. ಎರಡೂ ಮನೆಯಲ್ಲಿ ಹಾಡು ಸರಿಹೋಯಿತು.

ಪೆಟ್ಟಿಗೆಯ ಒಳಗೆ ಏನು ನಡೆಯುತ್ತದೆ

ಸ್ಪೀಕರಿನಲ್ಲಿ ನಡುಗಿ ಸದ್ದು ಮಾಡುವ ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿಯನ್ನು ಒತ್ತುತ್ತದೆ, ಹಿಂದಿನ ಗಾಳಿಯನ್ನು ಎಳೆಯುತ್ತದೆ. ಈ ಎರಡು ಸದ್ದು ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ, ಅದರಲ್ಲೂ ಬೇಸ್, ಅಂದರೆ ಕೆಳಗಿನ ಶ್ರುತಿಯ ಸದ್ದು. ಅದಕ್ಕೇ ಪೆಟ್ಟಿಗೆ ಬೇಕು. ಹಿಂದಿನ ಸದ್ದನ್ನು ಏನು ಮಾಡೋದು ಅನ್ನುವಲ್ಲೇ ಎರಡೂ ಬೇರೆಯಾಗುವುದು.

ಸೀಲ್ಡ್ ಪೆಟ್ಟಿಗೆ ಅದನ್ನು ಒಳಗೇ ಕೂಡಿಹಾಕುತ್ತದೆ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಹಿಡಿಕೆ ತಳ್ಳಿ ನೋಡಿ. ಒಳಗಿನ ಗಾಳಿ ಸ್ಪ್ರಿಂಗಿನ ಹಾಗೆ ಕೈಯನ್ನು ವಾಪಸ್ ತಳ್ಳುತ್ತದೆ. ಕೋನಿನ ಹಿಂದೆ ಇರುವುದೂ ಅದೇ ಗಾಳಿಯ ಸ್ಪ್ರಿಂಗ್. ಅಮೆರಿಕದ ಎಡ್ಗರ್ ವಿಲ್ಚರ್ ಇದನ್ನೇ ನೆಚ್ಚಿಕೊಂಡು 1954ರಲ್ಲಿ ಅಕೂಸ್ಟಿಕ್ ರಿಸರ್ಚ್ ಕಂಪನಿಯಿಂದ ಎಆರ್-1 ಸ್ಪೀಕರ್ ತಂದರು. ದೊಡ್ಡ ಬೀರುವಿನಂಥ ಪೆಟ್ಟಿಗೆ ಇಲ್ಲದೆಯೂ ಆಳದ ಬೇಸ್ ಬರುತ್ತದೆ ಅಂತ ಆಗ ಜನರಿಗೆ ಗೊತ್ತಾಯಿತು.

ಪೋರ್ಟ್ ಇರುವ ಪೆಟ್ಟಿಗೆ ಹಿಂದಿನ ಸದ್ದನ್ನು ದುಡಿಸಿಕೊಳ್ಳುತ್ತದೆ. ಘಟ ನೆನಪಿಸಿಕೊಳ್ಳಿ. ಬಾಯನ್ನು ಹೊಟ್ಟೆಗೆ ಒತ್ತಿ, ಬಿಟ್ಟು ನುಡಿಸುವಾಗ ಒಳಗಿಂದ ಬರುವ ಆ ಆಳದ ಗುಂ ಬದಲಾಗುತ್ತದೆ. ಮಡಕೆಯೊಳಗಿನ ಗಾಳಿಯೂ ಬಾಯಲ್ಲಿರುವ ಗಾಳಿಯೂ ಸೇರಿ ಒಂದು ಶ್ರುತಿಗೆ ಮಿಡಿಯುತ್ತವೆ. ಸ್ಪೀಕರಿನ ಪೋರ್ಟೂ ಅಷ್ಟೇ. ಪೆಟ್ಟಿಗೆಯ ಗಾತ್ರ, ಪೈಪಿನ ಅಗಲ, ಉದ್ದ ಮೂರನ್ನೂ ಹೊಂದಿಸಿ ಒಂದು ಶ್ರುತಿಗೆ ಕೂರಿಸಿರುತ್ತಾರೆ. ಆ ಶ್ರುತಿ ಬಂದಾಗ ಕೋನ್ ಹೆಚ್ಚುಕಡಿಮೆ ನಿಂತೇಬಿಡುತ್ತದೆ, ಸದ್ದು ಪೈಪಿನಿಂದ ಬರುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸಿನ ಆಲ್ಬರ್ಟ್ ಥುರಾಸ್ ಇದಕ್ಕೆ 1932ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಸರಿಯಾದ ಲೆಕ್ಕ ಎಲ್ಲರ ಕೈಗೆ ಸಿಕ್ಕಿದ್ದು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬರೆದ ಮೇಲೆ. ಅದಕ್ಕೆ ಮುಂಚೆ ಅಂದಾಜಿನ ಮೇಲೆ ಮಾಡಿದ ಪೆಟ್ಟಿಗೆಗಳೇ ಜಾಸ್ತಿ. ಪೋರ್ಟ್ ಅಂದರೆ ಗುಂಯ್ ಅನ್ನುತ್ತದೆ ಅನ್ನುವ ಕೆಟ್ಟ ಹೆಸರು ಆಗ ಬಂದದ್ದು. ಈಗಿನ ಒಳ್ಳೇ ಪೋರ್ಟ್ ಸ್ಪೀಕರಿಗೆ ಅದನ್ನು ಹಚ್ಚುವುದು ಸರಿಯಲ್ಲ.

ಅಂಗಡಿಗೆ ಹೋಗುವ ಮುಂಚೆ

ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ರೂಮಿನ ಉದ್ದ, ಅಗಲ, ಎತ್ತರ ಎಷ್ಟು ಅಡಿ? ಮೇಲೆ ಆರ್‌ಸಿಸಿಯೋ ಹೆಂಚೋ? ಸ್ಪೀಕರ್ ಇಡುವ ಜಾಗ ಗೋಡೆಗೆ ಎಷ್ಟು ಹತ್ತಿರ? ಏನು ಕೇಳುತ್ತೀರಿ, ಎಷ್ಟು ಜೋರಾಗಿ ಕೇಳುತ್ತೀರಿ? ಮನೆಯಲ್ಲಿರುವ ಆಂಪ್ (ಆಂಪ್ಲಿಫೈಯರ್) ಎಷ್ಟು ವಾಟ್ಸ್? ಮುಂದೆ ಬೇಸಿಗೆ ಅಂತಲೇ ಇರುವ ಬೇರೆ ಪೆಟ್ಟಿಗೆ, ಸಬ್‌ವೂಫರ್, ಸೇರಿಸುವ ಯೋಚನೆ ಇದೆಯಾ? ದುಡ್ಡೆಷ್ಟು? ಇದರಲ್ಲಿ ಮೊದಲ ಎರಡು ಪ್ರಶ್ನೆಗೆ ನಾನು ಬೇರೆಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ.

ರೂಮು

ಎದುರುಬದುರು ಗೋಡೆಗಳ ನಡುವೆ ಬೇಸ್ ಸದ್ದು ಹೋಗಿ ಬಂದು ಒಂದು ಶ್ರುತಿಯಲ್ಲಿ ನಿಂತುಬಿಡುತ್ತದೆ. ಅದನ್ನು ಕಂಡುಹಿಡಿಯುವುದು ಸುಲಭ. 565ನ್ನು ಗೋಡೆಯಿಂದ ಗೋಡೆಗೆ ಇರುವ ಅಡಿಗಳಿಂದ ಭಾಗಿಸಿ. ಹನ್ನೆರಡು ಅಡಿಗೆ 47 ಹರ್ಟ್ಸ್, ಅಂದರೆ ಸೆಕೆಂಡಿಗೆ 47 ಮಿಡಿತ. ಹತ್ತು ಅಡಿಗೆ 56. ಇಪ್ಪತ್ತು ಅಡಿಯ ಹಾಲಾದರೆ 28. ಹತ್ತಕ್ಕೆ ಹತ್ತು ರೂಮು, ಎತ್ತರವೂ ಹತ್ತು ಅಡಿ ಅಂದರೆ ಮೂರೂ ಕಡೆಯಿಂದ 56 ಹರ್ಟ್ಸೇ ಬಂದು ಬೀಳುತ್ತದೆ. ಹಾಡು ಕೇಳಲು ಅದಕ್ಕಿಂತ ಕಷ್ಟದ ರೂಮಿಲ್ಲ. ಬೇರೆ ರೂಮಿದ್ದರೆ ಅಲ್ಲಿಗೆ ಹೋಗಿ.

ಈಗ ಪೋರ್ಟ್ ಯಾವ ಶ್ರುತಿಗೆ ಕೂತಿದೆ ನೋಡಿ. ಐದು, ಆರು ಇಂಚಿನ ವೂಫರ್ ಇರುವ ಚಿಕ್ಕ ಸ್ಪೀಕರುಗಳಲ್ಲಿ ಸಾಮಾನ್ಯವಾಗಿ 45ರಿಂದ 60 ಹರ್ಟ್ಸ್ ಒಳಗೆ ಇರುತ್ತದೆ. ನನ್ನದು ಎಷ್ಟು ಅಂತ ನಾನು ಹೀಗೆ ಪತ್ತೆ ಮಾಡಿದೆ. ಫೋನಿನಲ್ಲಿ ಬೇಕಾದ ಶ್ರುತಿ ನುಡಿಸುವ ಟೋನ್ ಜನರೇಟರ್ ಆ್ಯಪ್ ಹಾಕಿ, ಸದ್ದು ಸಣ್ಣಗಿಟ್ಟು, 80 ಹರ್ಟ್ಸಿನಿಂದ ಒಂದೊಂದೇ ಇಳಿಸುತ್ತಾ ಬಂದೆ. ಪಕ್ಕದಿಂದ ಟಾರ್ಚ್ ಬಿಟ್ಟರೆ ಕೋನ್ ನಡುಗುವುದು ಕಾಣುತ್ತದೆ. 60ರಲ್ಲಿ ಅಂಚು ಮಸುಕಾಗಿ ಕಾಣುವಷ್ಟು ಅಲ್ಲಾಡುತ್ತಿತ್ತು. 50ಕ್ಕೆ ಬರುವಾಗ ನಡುಕ ಕಮ್ಮಿಯಾಯಿತು. 46ಕ್ಕೆ ಬಂದಾಗ ಕೋನ್ ನಿಂತೇಹೋಯಿತು, ಆದರೆ ಹಿಂದೆ ಪೈಪಿಗೆ ಅಡ್ಡ ಹಿಡಿದ ಕೈಗೆ ಗಾಳಿ ಫುಸುಫುಸು ಹೊಡೆಯುತ್ತಿತ್ತು. ಪೋರ್ಟ್ 46ಕ್ಕೆ, ರೂಮು 47ಕ್ಕೆ. ಎರಡೂ ಒಂದೇ ಸ್ವರ ಹಿಡಿದು ಕೂತಿದ್ದವು. ಮೃದಂಗ ಕಲಸಿಹೋಗದೆ ಇನ್ನೇನಾಗುತ್ತದೆ?

ಸೀಲ್ಡ್ ಸ್ಪೀಕರಿನಲ್ಲಿ ಬೇಸ್ ಸ್ವಲ್ಪ ಮೇಲಿನಿಂದಲೇ ಇಳಿಯಲು ಶುರುವಾಗುತ್ತದೆ, ಆದರೆ ಮೆಲ್ಲಗೆ ಇಳಿಯುತ್ತದೆ. ಒಂದು ಸ್ಥಾಯಿ ಕೆಳಗೆ ಹೋದರೆ, ಅಂದರೆ 60ರಿಂದ 30 ಹರ್ಟ್ಸಿಗೆ ಬಂದರೆ, ಸದ್ದಿನ ಜೋರು ಸುಮಾರು 12 ಡೆಸಿಬೆಲ್ ಇಳಿಯುತ್ತದೆ. ಪೋರ್ಟ್ ಇರುವುದು ಟ್ಯೂನ್ ಆದ ಶ್ರುತಿಯವರೆಗೆ ಗಟ್ಟಿಯಾಗಿ ನಿಂತು, ಅದರ ಕೆಳಗೆ ಸ್ಥಾಯಿಗೆ 24 ಡೆಸಿಬೆಲ್‌ನಂತೆ ಧೊಪ್ಪನೆ ಬೀಳುತ್ತದೆ. ಇನ್ನೊಂದು ಕಡೆ, ಚಿಕ್ಕದಾಗಿ ಗಟ್ಟಿ ಗೋಡೆಗಳಿರುವ ರೂಮು ತನ್ನ ಮೊದಲ ಶ್ರುತಿಯ ಕೆಳಗೆ ಬೇಸನ್ನು ತಾನೇ ಎತ್ತಿಕೊಡುತ್ತದೆ. ಸೀಲ್ಡ್ ಸ್ಪೀಕರ್ ಬಿಟ್ಟುಕೊಟ್ಟದ್ದನ್ನು ರೂಮು ತುಂಬುತ್ತದೆ. ಬಾಗಿಲು ಕಿಟಕಿಯಲ್ಲಿ ಒಂದಿಷ್ಟು ಸೋರಿಹೋದರೂ ಹಾಸನದ ಆರ್‌ಸಿಸಿ ರೂಮಿನಲ್ಲಿ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ಮಾವನ ಚಿಕ್ಕ ಸ್ಪೀಕರ್ ನನ್ನ ರೂಮಿಗೆ ಬಂದಾಗ ಬೇಸ್ ಬಂದದ್ದು ಹೀಗೆ.

ಹೆಂಚಿನ ಮನೆಯಲ್ಲಿ ಇದು ಆಗುವುದಿಲ್ಲ. ಸಂದಿಯಿಂದ, ಅಟ್ಟದಿಂದ, ಜಗಲಿಯಿಂದ ಬೇಸ್ ಹೊರಗೆ ಹೋಗಿಬಿಡುತ್ತದೆ. ಮನೆ ಏನನ್ನೂ ಸೇರಿಸಿಕೊಡುವುದಿಲ್ಲ, ಆದ್ದರಿಂದ ಗುಂಯ್ ಅನ್ನುವುದೂ ಇಲ್ಲ. ಅಲ್ಲಿ ಬೇಸ್ ಏನಿದ್ದರೂ ಸ್ಪೀಕರೇ ಕೊಡಬೇಕು. ಜೂನ್ ಜುಲೈನಲ್ಲಿ ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಹಾಡು ಕೇಳಿಸಬೇಕಾದರೆ ಜೋರೂ ಬೇಕು. ಪೋರ್ಟ್ ಇರುವ ಸ್ಪೀಕರ್ ಅಲ್ಲಿ ತನ್ನ ಬೆಲೆ ತೋರಿಸುತ್ತದೆ.

ಇಡುವ ಜಾಗ

ನಮ್ಮಲ್ಲಿ ಬಹಳ ಮನೆಗಳಲ್ಲಿ ಸ್ಪೀಕರ್ ಹೋಗಿ ಕೂರುವುದು ಟಿವಿ ಶೋಕೇಸಿನೊಳಗೆ. ಹಿಂದೆ ಪೋರ್ಟ್ ಇರುವುದನ್ನು ಅಲ್ಲಿಡಬೇಡಿ. ಅದಕ್ಕೆ ಹಿಂದೆ ಕನಿಷ್ಠ ಒಂದಡಿ ಜಾಗ ಬೇಕು, ಎರಡಡಿ ಇದ್ದರೆ ಇನ್ನೂ ಒಳ್ಳೆಯದು. ಜಾಗ ಇಲ್ಲವೇ ಇಲ್ಲ ಅಂದರೆ ಸೀಲ್ಡ್ ತಗೊಳ್ಳಿ. ಮುಂದೆ ಪೋರ್ಟ್ ಇರುವುದು ಗೋಡೆಗೆ ಒತ್ತಿಟ್ಟರೂ ಪರವಾಗಿಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಅರ್ಧ ನಿಜ. ಪೈಪಿಗೆ ಉಸಿರು ಕಟ್ಟುವುದಿಲ್ಲ, ಅಷ್ಟೇ. ಗೋಡೆ, ಮೂಲೆ ಬೇಸನ್ನು ಉಬ್ಬಿಸುವುದು ಪೋರ್ಟ್ ಎಲ್ಲಿದ್ದರೂ, ಪೋರ್ಟ್ ಇಲ್ಲದಿದ್ದರೂ ಆಗಿಯೇ ಆಗುತ್ತದೆ. ಸೀಲ್ಡ್ ಸ್ಪೀಕರಿನಲ್ಲಿ ಉಬ್ಬುವುದಕ್ಕೆ ಬೇಸ್ ಕಮ್ಮಿ ಇರುತ್ತದೆ, ಹಾಗಾಗಿ ತಡೆದುಕೊಳ್ಳುತ್ತದೆ.

ಏನು ಕೇಳುತ್ತೀರಿ, ಎಷ್ಟು ಜೋರಾಗಿ

ಗಾಯನ, ವೀಣೆ, ಕೊಳಲು, ಭಾವಗೀತೆ, ಆಕಾಶವಾಣಿ ಹಾಸನ ಕೇಂದ್ರದ ಬೆಳಗಿನ ಕಾರ್ಯಕ್ರಮ. ಇವುಗಳಲ್ಲಿ 50 ಹರ್ಟ್ಸಿಗಿಂತ ಕೆಳಗೆ ಕೇಳುವುದಕ್ಕೆ ಏನೂ ಇಲ್ಲ ಅನ್ನುವಷ್ಟು ಕಮ್ಮಿ. ಸೀಲ್ಡ್ ಸ್ಪೀಕರಿನಲ್ಲಿ ತಾಳವಾದ್ಯದ ಪೆಟ್ಟು ಶುರುವಾಗುವುದೂ ನಿಲ್ಲುವುದೂ ಚೊಕ್ಕ. ಪೋರ್ಟಿನ ಗಾಳಿ ಮಿಡಿಯಲು ಒಂದು ಗಳಿಗೆ ಬೇಕು, ನಿಲ್ಲಲೂ ಒಂದು ಗಳಿಗೆ ಬೇಕು. ಒಳ್ಳೇ ವಿನ್ಯಾಸದಲ್ಲಿ ಇದು ಸಣ್ಣ ವ್ಯತ್ಯಾಸ. ಅಗ್ಗದ್ದರಲ್ಲಿ ಎದ್ದು ಕಾಣುತ್ತದೆ.

ಬೇಸ್ ಗಿಟಾರಿನ ಕೆಳಗಿನ ತಂತಿ 41 ಹರ್ಟ್ಸ್. ಈಗಿನ ಸಿನಿಮಾ ಹಾಡುಗಳು ಅದಕ್ಕೂ ಕೆಳಗೆ ಹೋಗುತ್ತವೆ. ಡೊಳ್ಳಿನ ಆ ಎದೆಗೆ ಬಡಿಯುವ ಸದ್ದು ಬೇಕಾದರೆ, ಸಿನಿಮಾ ನೋಡುವುದೇ ಜಾಸ್ತಿ ಆದರೆ, ಸಬ್‌ವೂಫರ್ ಇಲ್ಲದೆ ಚಿಕ್ಕ ಸೀಲ್ಡ್ ಸ್ಪೀಕರಿನಲ್ಲಿ ತೃಪ್ತಿ ಸಿಗುವುದಿಲ್ಲ. ಪೋರ್ಟ್ ತಗೊಳ್ಳಿ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಮಕ್ಕಳು ಮಲಗಿದ ಮೇಲೆ ಸಣ್ಣಗೆ ಹಾಕಿಕೊಂಡು ಕೇಳುವವರಾದರೆ ಪೋರ್ಟ್ ಸ್ಪೀಕರ್ ನಿಮಗೆ ಹಿತ ಅನ್ನಿಸಬಹುದು. ಸದ್ದು ಸಣ್ಣದಾದಷ್ಟೂ ನಮ್ಮ ಕಿವಿಗೆ ಬೇಸ್ ಕಮ್ಮಿ ಕೇಳಿಸುತ್ತದೆ. ಪೋರ್ಟ್ ಕೊಡುವ ಆ ಒಂದಿಷ್ಟು ತುಂಬುಗೆ ಆಗ ಉಪಕಾರಕ್ಕೆ ಬರುತ್ತದೆ.

ಆಂಪ್

ಒಂದೇ ಗಾತ್ರದ ಪೆಟ್ಟಿಗೆ, ಒಂದೇ ಆಳದವರೆಗೆ ಬೇಸ್ ಅಂತ ಇಟ್ಟುಕೊಂಡರೆ ಪೋರ್ಟ್ ಇರುವುದು ಸುಮಾರು 3 ಡೆಸಿಬೆಲ್ ಜಾಸ್ತಿ ಸದ್ದು ಕೊಡಬಲ್ಲದು. 3 ಡೆಸಿಬೆಲ್ ಅಂದರೆ ಆಂಪಿನ ಅರ್ಧ ಕೆಲಸ ಉಳಿದ ಹಾಗೆ. ಬಿಬಿಸಿಯವರು 1970ರ ದಶಕದಲ್ಲಿ ತಮ್ಮ ಪ್ರಸಾರದ ವ್ಯಾನಿನೊಳಗೆ ಇಡಲು ಮಾಡಿದ ಎಲ್‌ಎಸ್3/5ಎ ಅನ್ನುವ ಸೀಲ್ಡ್ ಸ್ಪೀಕರ್ ಇದೆ. ಪೆಟ್ಟಿಗೆ ಸುಮಾರು ಐದು ಲೀಟರ್ ಅಷ್ಟೇ. ಮನುಷ್ಯರ ದನಿ ಅದರಲ್ಲಿ ಕೇಳಬೇಕು, ಇವತ್ತಿಗೂ ಅದನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ಆದರೆ ಅದರ ಸಂವೇದನೆ, ಅಂದರೆ ಒಂದು ವಾಟ್ ಕೊಟ್ಟರೆ ಬರುವ ಸದ್ದು, 83 ಡೆಸಿಬೆಲ್ ಆಸುಪಾಸು. ಹದಿನೈದು, ಇಪ್ಪತ್ತು ವಾಟ್ಸಿನ ಪುಟ್ಟ ಆಂಪ್ ಇಟ್ಟುಕೊಂಡು ಇಂಥದ್ದನ್ನು ದೊಡ್ಡ ಹಾಲಿನಲ್ಲಿ ನುಡಿಸಲು ಹೋದರೆ ಸಾಲುವುದಿಲ್ಲ. ಆಂಪ್ ಚಿಕ್ಕದು, ಬದಲಾಯಿಸುವ ಯೋಚನೆ ಇಲ್ಲ ಅಂದರೆ 87, 88 ಡೆಸಿಬೆಲ್ ಸಂವೇದನೆಯ ಪೋರ್ಟ್ ಸ್ಪೀಕರ್ ನೋಡಿ.

ಎಲ್‌ಪಿ, ಹುಳ, ಬೂಷ್ಟು

ಅದಲುಬದಲು ಮಾಡಿದ ಮೇಲೆ ಮಾವನ ಮನೆಯಲ್ಲಿ ಒಂದು ಹೊಸ ಸಮಸ್ಯೆ ಬಂತು. ಅವರು ಹಳೇ ಎಲ್‌ಪಿ ಕೇಳುವವರು. ಪ್ಲೇಟು ಸ್ವಲ್ಪ ಸೊಟ್ಟಗಾಗಿದ್ದರೆ ಮುಳ್ಳು ಏರಿಳಿಯುತ್ತದೆ. ಆ ಏರಿಳಿತ ಕಿವಿಗೆ ಕೇಳಿಸದಷ್ಟು ಕೆಳಗಿನ ಶ್ರುತಿ. ಸೀಲ್ಡ್ ಸ್ಪೀಕರಿನಲ್ಲಿ ಗಾಳಿಯ ಸ್ಪ್ರಿಂಗ್ ಕೋನನ್ನು ಹಿಡಿದಿರುತ್ತದೆ. ಪೋರ್ಟಿನಲ್ಲಿ ಟ್ಯೂನ್ ಆದ ಶ್ರುತಿಯ ಕೆಳಗೆ ಹಿಡಿತವೇ ಇರುವುದಿಲ್ಲ. ಹಾಡು ಶುರುವಾಗುವ ಮುಂಚೆಯೇ ಕೋನ್ ಮೆಲ್ಲಗೆ ಒಳಗೆ ಹೊರಗೆ ತೂಗುತ್ತಿತ್ತು, ಯಾರೋ ಒಳಗೆ ಕೂತು ಉಸಿರಾಡುತ್ತಿರುವ ಹಾಗೆ. ಅವರ ಹಳೇ ಆಂಪಿನಲ್ಲಿ ಸಬ್‌ಸಾನಿಕ್ ಫಿಲ್ಟರ್ ಅನ್ನುವ ಗುಂಡಿ ಇತ್ತು, ಒತ್ತಿದ ತಕ್ಷಣ ನಿಂತಿತು. ನೀವು ಎಲ್‌ಪಿ ಕೇಳುವವರಾಗಿ ನಿಮ್ಮ ಆಂಪಿನಲ್ಲಿ ಆ ಗುಂಡಿ ಇಲ್ಲದಿದ್ದರೆ ಸೀಲ್ಡ್ ಕಡೆಗೆ ಒಂದು ಹೆಜ್ಜೆ ಜಾಸ್ತಿ ವಾಲಿ.

ಮಲೆನಾಡಿನ ಮನೆಗಳಲ್ಲಿ ತೂತು ಕಂಡರೆ ಕುಂಬಾರ ಹುಳ ಬಿಡುವುದಿಲ್ಲ. ಮಾವ ಒಂದು ತಿಂಗಳು ಊರಲ್ಲಿಲ್ಲದಾಗ ಎಡಗಡೆ ಸ್ಪೀಕರಿನ ಪೈಪಿನೊಳಗೆ ಹೆಬ್ಬೆರಳು ಗಾತ್ರದ ಮಣ್ಣಿನ ಗೂಡು ಕಟ್ಟಿತ್ತು. ಹಲ್ಲಿ, ಜಿರಳೆಯೂ ಹೋಗುತ್ತವೆ. ಕೇಳದ ದಿನಗಳಲ್ಲಿ ಪೋರ್ಟಿಗೆ ಸ್ಪಂಜಿನ ಬಿರಡೆ ಹಾಕಿಡಿ, ಅಷ್ಟು ಸಾಕು.

ಬೂಷ್ಟಿನ ವಿಷಯದಲ್ಲಿ ಎರಡಕ್ಕೂ ಒಂದೇ ಮಾತು. ಕೋನಿನ ಸುತ್ತ ಫೋಮ್ ಇರುವುದು ತೇವಕ್ಕೆ ಬೇಗ ಪುಡಿಯಾಗುತ್ತದೆ, ರಬ್ಬರ್ ಇರುವುದನ್ನೇ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇದನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಲೇಬೇಕು.

ನೀವೇ ಮಾಡಿಸುವುದಾದರೆ

ಊರಿನ ಕಾರ್ಪೆಂಟರ್ ಹತ್ತಿರ ಪ್ಲೈವುಡ್ ಪೆಟ್ಟಿಗೆ ಮಾಡಿಸುವ ಆಸೆ ಇದ್ದರೆ ಸೀಲ್ಡ್‌ನಿಂದ ಶುರು ಮಾಡಿ. ಅಳತೆಯಲ್ಲಿ ಅಷ್ಟಿಷ್ಟು ಹೆಚ್ಚುಕಮ್ಮಿಯಾದರೂ ಅದು ಕ್ಷಮಿಸುತ್ತದೆ. ಸಂದಿಗಳೆಲ್ಲಾ ಗಾಳಿ ಆಡದ ಹಾಗೆ ಮುಚ್ಚಿ, ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ ಸಡಿಲವಾಗಿ ತುಂಬಿದರೆ ಪೆಟ್ಟಿಗೆ ಇರುವುದಕ್ಕಿಂತ ಸ್ವಲ್ಪ ದೊಡ್ಡದರ ಹಾಗೆ ನಡೆದುಕೊಳ್ಳುತ್ತದೆ. ವೂಫರಿನ ವಿವರದ ಹಾಳೆಯಲ್ಲಿ ಕ್ಯೂಟಿಎಸ್ ಅಂತ ಒಂದು ಅಂಕಿ ಇರುತ್ತದೆ. ಅದು 0.4ಕ್ಕಿಂತ ಜಾಸ್ತಿ ಇದ್ದರೆ ಸೀಲ್ಡ್, ಕಮ್ಮಿ ಇದ್ದರೆ ಪೋರ್ಟ್. ಇದು ಒರಟು ಲೆಕ್ಕ, ಆದರೆ ಅಪರೂಪಕ್ಕೆ ಮಾತ್ರ ದಾರಿ ತಪ್ಪಿಸುತ್ತದೆ. ಪೋರ್ಟಿಗೆ ಪಿವಿಸಿ ಪೈಪ್ ಬಳಸುವವರು ಮೊದಲು ಉದ್ದವಾಗಿಯೇ ಇಡಿ. ಕತ್ತರಿಸಿದಷ್ಟೂ ಶ್ರುತಿ ಮೇಲೇರುತ್ತದೆ, ಕತ್ತರಿಸಿದ್ದನ್ನು ಮತ್ತೆ ಅಂಟಿಸುವುದು ಕಷ್ಟ.

ದುಡ್ಡು ಮತ್ತು ತೀರ್ಮಾನ

ಒಂದು ಜೊತೆ ಸ್ಪೀಕರಿಗೆ 15,000 ರೂಪಾಯಿಯೊಳಗೆ ಬಜೆಟ್ ಇದ್ದರೆ ಹುಡುಕುವುದು ಬೇಡ, ಪೋರ್ಟ್ ಸ್ಪೀಕರನ್ನೇ ತಗೊಳ್ಳಿ. ಆ ಬೆಲೆಗೆ ಅಂಗಡಿಯಲ್ಲಿ ಸಿಗುವುದು ಹೆಚ್ಚುಕಡಿಮೆ ಅವೇ. ಸೀಲ್ಡ್ ಬೇಕೇಬೇಕು ಅಂತ ಹಟ ಹಿಡಿದು ಕಳಪೆ ತಗೊಳ್ಳುವುದಕ್ಕಿಂತ ಒಳ್ಳೇ ಪೋರ್ಟ್ ಸ್ಪೀಕರಿಗೆ ಬಿರಡೆ ಹಾಕುವುದು ವಾಸಿ. ಕೆಲವು ಕಂಪನಿಗಳು ಸ್ಪಂಜಿನ ಬಿರಡೆಯನ್ನು ಡಬ್ಬದಲ್ಲೇ ಕೊಡುತ್ತವೆ. ಇಲ್ಲದಿದ್ದರೆ ಒಂದು ಜೊತೆ ಹಳೇ ಕಾಲುಚೀಲ ಸುತ್ತಿ ತುರುಕಿ. ಅರ್ಧ ಮುಚ್ಚಿ ಕೇಳಿ, ಪೂರ್ತಿ ಮುಚ್ಚಿ ಕೇಳಿ. ಸೀಲ್ಡ್ ಅಂತಲೇ ಲೆಕ್ಕ ಹಾಕಿ ಮಾಡಿದ ಪೆಟ್ಟಿಗೆಯಷ್ಟು ಹದ ಬರುವುದಿಲ್ಲ, ಆದರೆ ಚಿಕ್ಕ ರೂಮಿನಲ್ಲಿ ಗುಂಯ್ ಅನ್ನುವುದು ಅರ್ಧಕ್ಕರ್ಧ ಇಳಿಯುತ್ತದೆ.

30,000ದಿಂದ 50,000 ಇಟ್ಟುಕೊಂಡವರಿಗೆ ನಿಜವಾದ ಆಯ್ಕೆ ಇದೆ. ಆರ್‌ಸಿಸಿ ಮನೆ, ಹನ್ನೆರಡು ಅಡಿಯೊಳಗಿನ ರೂಮು, ಸಂಗೀತವೇ ಮುಖ್ಯ ಅಂದರೆ ನಾನು ಸೀಲ್ಡ್ ಅನ್ನುತ್ತೇನೆ. ಹೊಸದರಲ್ಲಿ ಆಯ್ಕೆ ಕಮ್ಮಿ, ಸೆಕೆಂಡ್ ಹ್ಯಾಂಡ್ ಹುಡುಕಲು ತಾಳ್ಮೆ ಬೇಕು. ಹೆಂಚಿನ ಮನೆಗೆ, ಅಥವಾ ಹಾಲು, ಊಟದ ಕೋಣೆ, ಮೆಟ್ಟಿಲು ಎಲ್ಲಾ ಒಂದಕ್ಕೊಂದು ತೆರೆದಿರುವ ಡ್ಯೂಪ್ಲೆಕ್ಸ್ ಮನೆಗೆ ಪೋರ್ಟ್. ಅದೂ ಆರೂವರೆ ಇಂಚಿಗಿಂತ ಚಿಕ್ಕದು ಬೇಡ.

ಅದಕ್ಕಿಂತ ಜಾಸ್ತಿ ದುಡ್ಡಿದ್ದು ಸಿನಿಮಾ, ಸಂಗೀತ ಎರಡೂ ಬೇಕಾದವರಿಗೆ ನನಗೆ ಬಹಳ ಇಷ್ಟವಾದ ದಾರಿ ಒಂದಿದೆ. ಎರಡು ಸೀಲ್ಡ್ ಸ್ಪೀಕರ್, ಜೊತೆಗೊಂದು ಸಬ್‌ವೂಫರ್, 80 ಹರ್ಟ್ಸಿನಿಂದ ಕೆಳಗಿನ ಕೆಲಸ ಸಬ್‌ವೂಫರಿಗೆ. ಸೀಲ್ಡ್ ಮೆಲ್ಲಗೆ ಇಳಿಯುವುದರಿಂದ ಎರಡರ ಬೆಸುಗೆ ಸುಲಭವಾಗಿ ಕೂಡುತ್ತದೆ. ಆಮೇಲೆ ಸಬ್‌ವೂಫರನ್ನು ರೂಮಿನಲ್ಲಿ ಎಲ್ಲಿ ಬೇಕಾದರೂ ಸರಿಸಿ ಬೇಸ್ ಚೆನ್ನಾಗಿ ಬರುವ ಜಾಗ ಹುಡುಕಬಹುದು. ಆ ಸ್ವಾತಂತ್ರ್ಯ ಬರೀ ಎರಡು ಸ್ಪೀಕರಿನಲ್ಲಿ ಸಿಗುವುದಿಲ್ಲ. ಕೆಳಗಿನ ಮನೆಯಲ್ಲಿ ಬಾಡಿಗೆಯವರಿದ್ದರೆ ಅವರ ಹತ್ತಿರ ಒಂದು ಮಾತು ಹೇಳಿಬಿಡಿ.

ಕೇಳಿ ನೋಡಲು ಬೆಂಗಳೂರಿಗೇ ಹೋಗಬೇಕಾಗಬಹುದು. ಹೋದರೆ ನೀವು ನೂರು ಸಲ ಕೇಳಿದ ಮೂರು ಹಾಡು ಫೋನಿನಲ್ಲಿ ಒಯ್ಯಿರಿ. ಅವರ ರೂಮಿಗೆ ಕಾರ್ಪೆಟ್, ಪರದೆ, ಗೋಡೆಗೆ ಸ್ಪಂಜು ಎಲ್ಲಾ ಇರುತ್ತದೆ. ಅಲ್ಲಿ ಕೇಳಿದ ಬೇಸ್ ಮನೆಗೆ ಬರುವುದಿಲ್ಲ. ದನಿ ಹೇಗಿದೆ ಅನ್ನುವುದನ್ನು ಮಾತ್ರ ಅಲ್ಲಿ ನೋಡಿ. ಬೇಸನ್ನು ನಿಮ್ಮ ರೂಮಿನಲ್ಲೇ, ನೀವು ಕೂರುವ ಕುರ್ಚಿಯಲ್ಲೇ ಕೂತು ಒಂದು ವಾರ ಕೇಳಿ ತೀರ್ಮಾನಿಸಬೇಕು. ಅದಕ್ಕೇ ವಾಪಸ್ ಕೊಡಲು ಎಷ್ಟು ದಿನ ಅವಕಾಶ ಇದೆ ಅಂತ ಬಿಲ್ ಹಾಕಿಸುವ ಮುಂಚೆಯೇ ಕೇಳಿ. ಅಲ್ಲಿಯವರೆಗೆ ರಟ್ಟಿನ ಡಬ್ಬ, ಥರ್ಮೋಕೋಲ್ ಎಸೆಯಬೇಡಿ, ಅಟ್ಟದ ಮೇಲಿಡಿ.